ವಿದ್ಯೆಯೂ ಆಟವೂ

ಅಥಣಿ, ಕಾಗವಾಡಗಳ ಮನೆಗಳಲ್ಲಿ ನೆರೆಯ ಮಿರಜಿನಿಂದ ತಂದ ತಂಬೂರಿಯನ್ನು ಮಗುವೊಂದು ಸುಮ್ಮನೆ ಮೀಟಿ ನಕ್ಕರೆ ಹಿರಿಯರು ಗದರಿಸುವದುಂಟು. ವಿದ್ಯೆಯೊಡನೆ ಆಟವು ಸಲ್ಲದೆಂಬುದು ಅವರ ಭಾವನೆ. ಇದು ಸರಿಯೇ?

ಇದೇ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲಿ ಹಿರಿಯ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡುತ್ತಿದ್ದರು. ಅನುಕರಣವು ಸೃಷ್ಟಿಯಲ್ಲ, ನಿಜ. ಮುಂಬಯಿಯಲ್ಲಿ ದೇವಧರ ಗುರುಗಳ ಶಿಕ್ಷಣವು ಅವರಿಗೆ ಬೇಕಾಯಿತು. ಆದರೆ ಮುಂದೆ ಕ್ಷಯರೋಗದಿಂದ ಹಾಡಲಾಗದೆ ದೇವಾಸದಲ್ಲಿ ಮಲಗಿದ್ದಾಗ ಮಾಳವದ ಜನಪದ ಗೀತಗಳಿಗೆ ಅವರು ಕಿವಿಗೊಟ್ಟರು. ಶಿಕ್ಷಣವು ಕಲಿಸದ ಈ ಧುನ್‌ಗಳಿಂದಲೇ ಅವರ ಹೊಸ ರಾಗಗಳು ಮೂಡಿದವು. ಅಲ್ಲಿ ದುಡಿದುದು ಬಾಲ್ಯದ ಆ ಕುತೂಹಲವೇ ಎನ್ನಬೇಕು.

ತಂತಿ ಹರಿದರೆ ಹೊಸದನ್ನು ಏರಿಸಬಹುದು. ಗದರಿಕೆಗೆ ಮುದುಡಿದ ಕುತೂಹಲವನ್ನು ಮರಳಿ ಅರಳಿಸುವದು ಸುಲಭವಲ್ಲ.