ಕೇಳಿ ನೋಡುವುದು ಅವಿಶ್ವಾಸವೇ?

ಇವತ್ತಿನ ವಾಕ್ಯಭಾಗ ಲೂಕ 17ನೇ ಅಧ್ಯಾಯ, 11ರಿಂದ 19ನೇ ವಚನ. ಹತ್ತು ಮಂದಿ ಕುಷ್ಠರೋಗಿಗಳ ಕಥೆ. ನಿಮಗೆಲ್ಲ ಗೊತ್ತಿರುವಂಥದ್ದೇ. ಆದರೆ ಅದಕ್ಕೆ ಹೋಗುವ ಮೊದಲು ಒಂದು ಮಾತು ಹೇಳಬೇಕು.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ, ಪಿಯುಸಿ ಸೈನ್ಸ್ ಓದುವ ನಮ್ಮ ಹುಡುಗ ಒಬ್ಬ ಬಂದು ಕೇಳಿದ: "ಪಾಸ್ಟರ್, ಎಚ್. ನರಸಿಂಹಯ್ಯ ಅನ್ನೋರು ನಮ್ಮ ಸಭೆಗೆ ಬಂದಿದ್ರ, ನೀವು ಅವರನ್ನ ಒಳಗ ಕುಂಡ್ರಿಸ್ತಿದ್ರೇನ್ರಿ?" ನನಗೆ ಉತ್ತರ ಬರಲಿಲ್ಲ. ಮನೆಗೆ ಹೋಗಿ ಅವರ ಬಗ್ಗೆ ಓದಿದೆ.

ಪ್ರಿಯರೇ, ನರಸಿಂಹಯ್ಯನವರು ಗೌರಿಬಿದನೂರು ತಾಲೂಕಿನ ಹೊಸೂರಿನ ಬಡವರ ಮನೆಯ ಮಗ. ಓದಬೇಕೆಂಬ ಆಸೆಯಿಂದ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದವರು. 1942ರ ಚಳವಳಿಯಲ್ಲಿ ಜೈಲಿಗೆ ಹೋದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ ಡಾಕ್ಟರೇಟ್ ಪಡೆದರು. ಅಲ್ಲಿ ನಿಲ್ಲಲಿಲ್ಲ, ತಿರುಗಿ ಬಂದು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಮದುವೆ ಆಗಲಿಲ್ಲ, ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ, ಇದು ಅವರು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಿದ ಬುದ್ಧಿ. ಅವರ ದೃಷ್ಟಿಯಲ್ಲಿ ವಿಜ್ಞಾನ ಅಂದರೆ ಬರೀ ಪುಸ್ತಕ ಅಲ್ಲ, ದಿನಾಲೂ ಬದುಕುವ ರೀತಿ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅದ್ಭುತಗಳನ್ನು ಪರೀಕ್ಷಿಸಲಿಕ್ಕೆ ಒಂದು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ನಿಮ್ಮ ಅದ್ಭುತಗಳನ್ನು ಸಮಿತಿಯ ಮುಂದೆ ಮಾಡಿ ತೋರಿಸಿ ಎಂದು ಕೇಳಿಕೊಂಡರು. ಉತ್ತರ ಬರಲಿಲ್ಲ.

ಇದನ್ನು ಕೇಳಿ ಬೇರೆಯವರನ್ನು ನೋಡಿ ನಗಬೇಡ್ರಿ. ಬೈಬಲ್ ಕಾಲೇಜಿನಲ್ಲಿ ಇದ್ದಾಗ ನಾನೂ ನಕ್ಕಿದ್ದೆ. ಆದರೆ ಅದೇ ಪತ್ರ ಹುಣಸಗಿಗೆ, ನನ್ನ ಹೆಸರಿಗೆ ಬಂದಿದ್ದರೆ? ನಾನು ಉತ್ತರ ಬರೆಯುತ್ತಿದ್ದೆನೋ?

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಆ ತಾಯಿಯ ಅಪ್ಪಣೆ ಕೇಳಿಯೇ ಹೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ, ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿಗೆ ಹೋಗುವ ಒಬ್ಬ ತಾಯಿ ಉಪವಾಸ ಪ್ರಾರ್ಥನೆಗೆ ಬಂದಳು. ಆಕೆಗೆ ಶುಗರ್ ಇತ್ತು. ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆ. "ಪಾಸ್ಟರ್ರೇ, ಮೈಯಾಗಿನ ಭಾರ ಎಲ್ಲಾ ಇಳದಂಗ ಆಗ್ಯಾದ್ರಿ" ಅಂದಳು. ಮುಂದಿನ ಭಾನುವಾರ ಆಕೆಯನ್ನು ನಿಲ್ಲಿಸಿ ಸಾಕ್ಷಿ ಹೇಳಿಸಿದೆ. ಎಲ್ಲರೂ ಹಲ್ಲೆಲೂಯಾ ಎಂದೆವು. ನಾಲ್ಕು ತಿಂಗಳಿಗೆ ಕಾಲಿಗೆ ಹುಣ್ಣಾಯಿತು. ಕಲಬುರಗಿಗೆ ಒಯ್ದರು, ಎರಡು ಬೆರಳು ತೆಗೆದರು.

ನೋಡಲಿಕ್ಕೆ ಹೋದಾಗ ಆಕೆ ನನ್ನನ್ನು ಬೈಯಲಿಲ್ಲ. "ಗುಳಿಗಿ ನುಂಗಿದ್ರ ದೇವರ ಮ್ಯಾಲ ನಂಬಿಕಿ ಇಲ್ಲಂದಂಗ ಆಗ್ತದ ಅಂತ ಬಿಟ್ಟಿದ್ದೆರಿ. ಮುಚ್ಚಿಟ್ಟಿದ್ದಿಲ್ಲ. ನೀವು ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ" ಅಂದಳು.

ಯಾರೂ ಕೇಳಲಿಲ್ಲ. ಕೇಳಿದರೆ ವಿಶ್ವಾಸ ಕಡಿಮೆ ಆದಂತೆ ಎಂದು ನಾನು ತಿಳಿದಿದ್ದೆ. ನಿಜ ಹೇಳಬೇಕೆಂದರೆ, ಸಾಕ್ಷಿ ಎಲ್ಲಿ ಕೈ ತಪ್ಪುತ್ತದೋ ಎಂಬ ಭಯವೂ ಇತ್ತು. ನನಗೆ ಆ ತಾಯಿಗಿಂತ ಆ ಸಾಕ್ಷಿ ದೊಡ್ಡದಾಗಿತ್ತು.

ಈಗ ವಾಕ್ಯ ನೋಡ್ರಿ. ಕರ್ತನು ಆ ಹತ್ತು ಮಂದಿಯನ್ನು ಎಲ್ಲಿಗೆ ಕಳಿಸಿದನು? ಯಾಜಕರ ಹತ್ತಿರ ಹೋಗಿ ಮೈ ತೋರಿಸಿಕೊಳ್ಳಲು ಹೇಳಿದನು. ಯಾಜಕಕಾಂಡ 13 ಮತ್ತು 14 ಓದಿದರೆ ಗೊತ್ತಾಗುತ್ತದೆ, ಚರ್ಮ ನೋಡುವುದು, ಏಳು ದಿನ ಬಿಟ್ಟು ಮತ್ತೆ ನೋಡುವುದು ಯಾಜಕನ ಕೆಲಸ. ದೇವಕುಮಾರನೇ ತಾನು ಮಾಡಿದ ಅದ್ಭುತವನ್ನು ಪರೀಕ್ಷೆಗೆ ಕಳಿಸಿದ್ದಾನೆ. ತೋಮನು ಕೇಳಿದಾಗ ಗಾಯಗಳನ್ನು ತೋರಿಸಿದನು, ಹೊರಗೆ ಹಾಕಲಿಲ್ಲ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳುವಂತೆ ಪೌಲನು ಥೆಸಲೋನಿಕದವರಿಗೆ ಬರೆದನು. ಅದೇ ಪೌಲನ ಜೊತೆಗಾರ ಲೂಕನು ವೈದ್ಯನಾಗಿದ್ದನು. ಸತ್ಯ ಆಗಿದ್ದರೆ ಅದು ಪ್ರಶ್ನೆಗೆ ಯಾಕೆ ಅಂಜಬೇಕು?

ಹಾಗಂತ ನರಸಿಂಹಯ್ಯನವರ ಎಲ್ಲಾ ವಿಚಾರಕ್ಕೂ ನಾನು ಆಮೆನ್ ಹೇಳುವವನಲ್ಲ. ಪ್ರಯೋಗಶಾಲೆಯಲ್ಲಿ ಅಳೆಯಲಾಗದ ದೇವರ ಕೆಲಸ ಇದೆ ಎಂದು ನಂಬುತ್ತೇನೆ. ನಮ್ಮಪ್ಪ ಸೆರೆ ಬಿಟ್ಟು ಹೊಸ ಮನುಷ್ಯ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅದನ್ನೂ ನಮ್ಮವ್ವ ಮೊದಲ ದಿನಕ್ಕೇ ನಂಬಲಿಲ್ಲ. ಒಂದು ವರ್ಷ ನೋಡಿದಳು. ಕೂಲಿ ರೊಕ್ಕ ತಪ್ಪದೆ ಮನೆಗೆ ಬಂದ ಮೇಲೆ ನಂಬಿದಳು. ಆಕೆಯನ್ನು ಅವಿಶ್ವಾಸಿ ಅನ್ನುತ್ತೀರಾ?

ಆದ್ದರಿಂದ ಈ ದಿನದಿಂದ ನಮ್ಮ ಸಭೆಯಲ್ಲಿ ಹೀಗೆ ನಡೆಯಲಿ. ಸ್ವಸ್ಥತೆಯ ಸಾಕ್ಷಿ ಹೇಳುವ ಮೊದಲು ನಾನು ಕೇಳುತ್ತೇನೆ: ಡಾಕ್ಟರಿಗೆ ತೋರಿಸಿದಿರಾ? ಗುಳಿಗೆ ನಡೆದಿದೆಯಾ? ಡಾಕ್ಟರ್ ಹೇಳದೆ ಯಾರೂ ಗುಳಿಗೆ ಬಿಡಬಾರದು. ಹೊಲದಲ್ಲಿ ಹಾವು ಕಚ್ಚಿದರೆ ಮೊದಲು ದವಾಖಾನೆಗೆ ಒಯ್ಯಿರಿ, ನಾನು ಅಲ್ಲಿಗೇ ಬಂದು ಪ್ರಾರ್ಥಿಸುತ್ತೇನೆ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನು 2017ರ ನಮ್ಮ ರಾಜ್ಯದ ಕಾಯ್ದೆ ನಿಷೇಧಿಸಿದೆ. ನಮ್ಮದು ಮಂತ್ರ ಅಲ್ಲ, ಪ್ರಾರ್ಥನೆ ಅಂತ ಹೇಳಿ ನಾವು ತಪ್ಪಿಸಿಕೊಳ್ಳಬಾರದು. ವಿಷ ಏರುವ ಹೊತ್ತಿನಲ್ಲಿ ತಡ ಮಾಡಿದರೆ ಹೋಗುವುದು ಜೀವ.

ಆ ಹುಡುಗನಿಗೆ ಈಗ ಉತ್ತರ ಹೇಳುತ್ತೇನೆ. ಹೌದಪ್ಪಾ, ಅವರು ಬಂದಿದ್ದರೆ ಮುಂದಿನ ಸಾಲಿನಲ್ಲಿ ಕುಂಡ್ರಿಸುತ್ತಿದ್ದೆ. ಅಂದು ಅವರು ಇಲ್ಲಿದ್ದಿದ್ದರೆ, ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ತಾಯಿಗೆ ಕೇಳುತ್ತಿದ್ದರು.

ತಲೆಬಾಗಿ ಪ್ರಾರ್ಥಿಸೋಣ. ಕರ್ತನೇ, ನಿನ್ನ ಹೆಸರಿನಲ್ಲಿ ಸುಳ್ಳು ಹೇಳದಂತೆ ನಮ್ಮ ಬಾಯನ್ನು ಕಾಯಿ. ನಮ್ಮ ಜನರ ಮೈಯನ್ನೂ ಜೀವವನ್ನೂ ಕಾಯಿ. ಕೇಳುವ ಧೈರ್ಯ ಕೊಡು. ಆಮೆನ್.