ಕಾಣದ ಕೊಂಡಿ, ಇಲ್ಲದ ಕೊಂಡಿ

ತಂತ್ರಾಂಶ ರೂಪಿಸುವ ಸಂಸ್ಥೆಗಳಲ್ಲಿ ಮಾಡಬೇಕಾದ ಪ್ರತಿ ಕೆಲಸಕ್ಕೂ ಟಿಕೆಟ್ ಎಂಬ ದಾಖಲೆ ಇರುತ್ತದೆ. ಆ ಕೆಲಸದ ಹಿಂದಿನ ವಿನ್ಯಾಸ, ಚರ್ಚೆ, ತೀರ್ಮಾನಗಳು ಬೇರೊಂದು ವ್ಯವಸ್ಥೆಯಲ್ಲಿ ಪುಟಗಳಾಗಿ ಉಳಿಯುತ್ತವೆ. ಆಸ್ಟ್ರೇಲಿಯದ ಅಟ್ಲಾಸಿಯನ್ ಕಂಪನಿ 2002ರಲ್ಲಿ ಹೊರತಂದ ಜಿರಾ ಮತ್ತು 2004ರಲ್ಲಿ ಹೊರತಂದ ಕಾನ್‌ಫ್ಲುಯೆನ್ಸ್ ಕ್ರಮವಾಗಿ ಈ ಎರಡು ಕೆಲಸಗಳಿಗೆ ಜೋಡಿಯಾಗಿ ಬಳಕೆಯಾಗುತ್ತವೆ. ಟಿಕೆಟ್ಟಿಗೂ ಪುಟಕ್ಕೂ ನಡುವೆ ಇರಬೇಕಾಗಿದ್ದ ಲಿಂಕ್ ಇಲ್ಲವೆಂಬ ದೂರು ಮೇಲುನೋಟಕ್ಕೆ ಯಂತ್ರಕ್ಕೆ ಸಂಬಂಧಿಸಿದ್ದೇ ಆದರೂ, ಇಲ್ಲವೆಂಬುದು ಹೇಗೆ ತಿಳಿಯುತ್ತದೆ, ಸಂಬಂಧವೆಂಬುದು ಎಲ್ಲಿ ನೆಲೆಸಿರುತ್ತದೆ ಎಂಬ, ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ಎರಡು ಪ್ರಶ್ನೆಗಳು ಅದರೊಳಗೆ ಅಡಗಿವೆ.

ನ್ಯಾಯ-ವೈಶೇಷಿಕರ ಪ್ರಕಾರ ಅಭಾವವೂ ಒಂದು ಪದಾರ್ಥ, ಆದರೆ ಅದನ್ನು ಬರಿದೇ 'ಇಲ್ಲ' ಎಂದು ಹೇಳುವುದು ಅಪೂರ್ಣ. ಯಾವುದು ಇಲ್ಲವೋ ಆ ವಸ್ತುವನ್ನು, ಅಂದರೆ ಪ್ರತಿಯೋಗಿಯನ್ನೂ, ಅದು ಎಲ್ಲಿ ಇಲ್ಲವೋ ಆ ನೆಲೆಯನ್ನು, ಅಂದರೆ ಅಧಿಕರಣವನ್ನೂ ಹೇಳಿದಾಗಲೇ ಅದು ಅರ್ಥವುಳ್ಳ ಮಾತಾಗುತ್ತದೆ. ಈ ಅಭಾವ ತಿಳಿಯುವುದು ಪ್ರತ್ಯಕ್ಷದಿಂದಲೇ ಎಂದು ನೈಯಾಯಿಕರು ಹೇಳಿದರೆ, ಕುಮಾರಿಲ ಭಟ್ಟನ ಅನುಯಾಯಿಗಳಾದ ಮೀಮಾಂಸಕರು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಮೂರೇ ಪ್ರಮಾಣಗಳನ್ನು ಅಂಗೀಕರಿಸುವ ಮಧ್ವರ ಪರಂಪರೆಗೆ ಅದು ಬೇಕಾಗಲಿಲ್ಲ. ಪ್ರಮಾಣಗಳ ಎಣಿಕೆಯ ಈ ಜಗಳ ಇಲ್ಲಿ ಮುಖ್ಯವಲ್ಲ. ಮುಖ್ಯವಾದುದು ಅನುಪಲಬ್ಧಿವಾದಿಗಳು ವಿಧಿಸಿದ, ಬೌದ್ಧನಾದ ಧರ್ಮಕೀರ್ತಿಯೂ ತನ್ನದೇ ರೀತಿಯಲ್ಲಿ ಒತ್ತಿಹೇಳಿದ ಯೋಗ್ಯತೆಯೆಂಬ ನಿಬಂಧನೆ: ವಸ್ತು ಅಲ್ಲಿದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಮಾತ್ರ ಕಾಣದಿರುವುದರಿಂದ ಇಲ್ಲದಿರುವುದು ಸಿದ್ಧವಾಗುತ್ತದೆ. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅದು ಅಲ್ಲಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ.

ಲಿಂಕ್ ಕಾಣೆಯಾಗಿದೆಯೆಂಬ ದೂರುಗಳಲ್ಲಿ ಎಷ್ಟೋ ಈ ನಿಬಂಧನೆಯಲ್ಲೇ ಸೋಲುತ್ತವೆ. ಪುಟವನ್ನು ನೋಡುವ ಅನುಮತಿ ದೂರುದಾರನಿಗೆ ಇಲ್ಲದಿರಬಹುದು. ಎರಡು ವ್ಯವಸ್ಥೆಗಳು ಪರಸ್ಪರ ನಂಬುವಂತೆ ಅಡ್ಮಿನ್ ಏರ್ಪಡಿಸುವ ಅಪ್ಲಿಕೇಶನ್ ಲಿಂಕ್ ಎಂಬ ಜೋಡಣೆಯ ಮೂಲಕ ಅವನ ಗುರುತು ಆಚೆ ಬದಿಗೆ ತಲುಪದಿರಬಹುದು. ಅಂಥಲ್ಲಿ ಅಡ್ಮಿನ್ ತನ್ನ ಖಾತೆಯಿಂದ ನೋಡಿ 'ಇದೆ' ಎನ್ನುತ್ತಾನೆ, ದೂರುದಾರ 'ಇಲ್ಲ' ಎನ್ನುತ್ತಾನೆ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದರೂ, ಎರಡನೆಯವನು ತನಗೆ ಕಾಣದ್ದನ್ನು ಇಲ್ಲವೆಂದು ತೀರ್ಮಾನಿಸಿರುತ್ತಾನೆ. ಆದ್ದರಿಂದ ಪರೀಕ್ಷೆ ಮೊದಲು ನಡೆಯಬೇಕಾದದ್ದು ಲಿಂಕಿನದಲ್ಲ, ನೋಡುವವನ ಯೋಗ್ಯತೆಯದು. ದರ್ಶನಗ್ರಂಥಗಳನ್ನು ಎಂದೂ ತೆರೆಯದ ಅನುಭವಿ ಅಡ್ಮಿನ್ ಕೂಡ ಇದನ್ನೇ ಮಾಡುತ್ತಾನೆ ಎಂಬುದು ಆ ನಿಬಂಧನೆಯ ಬಲಕ್ಕೆ ಸಾಕ್ಷಿ.

ಯೋಗ್ಯತೆ ಖಚಿತವಾದ ಮೇಲೂ ಲಿಂಕ್ ಕಾಣದಿದ್ದರೆ ಅದು ಯಾವ ಬಗೆಯ ಅಭಾವ ಎಂಬುದು ಉಳಿಯುತ್ತದೆ. ಪುಟದಲ್ಲಿ ಟಿಕೆಟ್ಟಿನ ಸಂಖ್ಯೆಯನ್ನು ಬರಿಯ ಅಕ್ಷರಗಳಾಗಿ ಬರೆದು, ಅದನ್ನು ಲಿಂಕಾಗಿಯೋ, ಟಿಕೆಟ್ಟನ್ನು ಪುಟದೊಳಗೆ ತೋರಿಸುವ ಜಿರಾ ಮ್ಯಾಕ್ರೋ ಆಗಿಯೋ ಸೇರಿಸದೆ ಬಿಟ್ಟಿದ್ದರೆ ಅದು ಪ್ರಾಗಭಾವ, ಅಂದರೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಅಳಿಸಿದ ಲಿಂಕಿನದು ಪ್ರಧ್ವಂಸಾಭಾವ, ಅಂದರೆ ನಾಶದ ನಂತರದ್ದು. ಮೊದಲನೆಯದಕ್ಕೆ ಆದಿಯಿಲ್ಲ, ಅಂತ್ಯವಿದೆ; ಎರಡನೆಯದಕ್ಕೆ ಆದಿಯಿದೆ, ಅಂತ್ಯವಿಲ್ಲ. ನಾಶವಾದದ್ದೇ ಮರಳಿ ಬರುವುದಿಲ್ಲ, ಬರುವುದು ಹೊಸತೊಂದು ಎಂಬ ವೈಶೇಷಿಕರ ಬಿಗುವಿನ ಮಾತು ಇಲ್ಲಿ ಸ್ವಲ್ಪ ಅತಿಯೆನಿಸುತ್ತದೆ, ಏಕೆಂದರೆ ಬ್ಯಾಕಪ್ಪಿನಿಂದ ಮರಳಿ ಬಂದ ದಾಖಲೆಯನ್ನು ಹೊಸತೆನ್ನಲು ಯಾರೂ ಒಪ್ಪುವುದಿಲ್ಲ.

ಹೆಚ್ಚು ತೊಡಕಿನದು ಸಂಬಂಧದ ಪ್ರಶ್ನೆ. ಸಂಯೋಗ, ಅಂದರೆ ಬೇರೆಬೇರೆಯಾಗಿದ್ದ ಎರಡು ವಸ್ತುಗಳ ಕೂಡಿಕೆ, ಎರಡರಲ್ಲಿಯೂ ಒಟ್ಟಿಗೆ ಇರುವ ಒಂದೇ ಗುಣ ಎಂದು ವೈಶೇಷಿಕರು ತಿಳಿದರು. ಧರ್ಮಕೀರ್ತಿ ತನ್ನ 'ಸಂಬಂಧಪರೀಕ್ಷಾ'ದಲ್ಲಿ ಇದನ್ನು ಅಲ್ಲಗಳೆದ: ಸಂಬಂಧವು ಎರಡು ವಸ್ತುಗಳಿಂದ ಬೇರೆಯಾದ ಮೂರನೆಯದಾದರೆ ಅದನ್ನು ಅವೆರಡಕ್ಕೆ ಜೋಡಿಸಲು ಮತ್ತೊಂದು ಸಂಬಂಧ ಬೇಕು, ಅದಕ್ಕೆ ಇನ್ನೊಂದು, ಹೀಗೆ ಕೊನೆಯಿಲ್ಲದ ಅನವಸ್ಥೆ ಒದಗುತ್ತದೆ, ಕೂಡಿಸುವುದು ಕಲ್ಪನೆಯೇ ಹೊರತು ವಸ್ತುಗಳಲ್ಲ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಸಮವಾಯವನ್ನು, ಅಂದರೆ ಬೇರ್ಪಡಿಸಲಾಗದ ನಿತ್ಯಸಂಬಂಧವನ್ನು, ನಿರಾಕರಿಸುವಾಗಲೂ ಅನವಸ್ಥೆಯ ದೋಷವನ್ನೇ ಮುಂದಿಡುತ್ತಾರೆ.

ಜಿರಾ-ಕಾನ್‌ಫ್ಲುಯೆನ್ಸ್‌ಗಳ ಮಟ್ಟಿಗಾದರೂ ಧರ್ಮಕೀರ್ತಿಯ ಪಕ್ಷವೇ ಮೇಲು. ಅಲ್ಲಿ ಎರಡರಲ್ಲಿಯೂ ನೆಲೆಸಿದ ಒಂದು ಲಿಂಕ್ ಎಂಬುದೇ ಇಲ್ಲ. ಪುಟದ ಒಳಗೆ ಟಿಕೆಟ್ಟನ್ನು ತೋರಿಸುವ ಗುರುತೊಂದು, ಜಿರಾದ ಡೇಟಾಬೇಸಿನಲ್ಲಿ ಪುಟವನ್ನು ತೋರಿಸುವ ರಿಮೋಟ್ ಲಿಂಕ್ ಎಂಬ ದಾಖಲೆಯೊಂದು, ಹೀಗೆ ಎರಡು ಬೇರೆ ಬರಹಗಳಿವೆ. ಪುಟವನ್ನು ಉಳಿಸಿದಾಗ ಕಾನ್‌ಫ್ಲುಯೆನ್ಸ್ ಜಿರಾಕ್ಕೆ ಸುದ್ದಿ ಮುಟ್ಟಿಸಿದರೆ ಎರಡನೆಯದು ಹುಟ್ಟುತ್ತದೆ. ಆ ಹೊತ್ತಿಗೆ ಸಂಪರ್ಕ ತಪ್ಪಿದ್ದರೆ ಪುಟದಲ್ಲಿ ಟಿಕೆಟ್ ಕಾಣುತ್ತದೆ, ಟಿಕೆಟ್ಟಿನಲ್ಲಿ ಪುಟ ಕಾಣುವುದಿಲ್ಲ. ಎರಡನ್ನೂ ಒಂದೇ ಲಿಂಕೆಂದು ಭಾವಿಸಿದವನಿಗೆ ಇದು ಅಸಂಭವವೆನಿಸಿ, ಅವನು ಕಾರಣವನ್ನು ತಪ್ಪು ಬದಿಯಲ್ಲಿ ಹುಡುಕುತ್ತಾನೆ.

ಪುಟ ಅಳಿಸಿಹೋದ ಮೇಲೂ ರಿಮೋಟ್ ಲಿಂಕ್ ಉಳಿಯಬಲ್ಲದು ಎಂಬುದು ಇನ್ನೂ ಕುತೂಹಲಕರ. ಸಂಯೋಗವಾಗಿದ್ದರೆ ಆಶ್ರಯ ನಾಶವಾದೊಡನೆ ಅದೂ ನಾಶವಾಗಬೇಕಿತ್ತು. ಹೀಗಾಗಿ ಅದನ್ನು ನೈಯಾಯಿಕರು ವಿಷಯತೆಯೆಂದು ಕರೆದ ಸಂಬಂಧಕ್ಕೆ ಹೋಲಿಸುವುದು ಸರಿ. ಜ್ಞಾನವು ತನ್ನ ವಿಷಯದತ್ತ ಮುಖಮಾಡಿರುವುದೇ ವಿಷಯತೆ, ಒಡೆದುಹೋದ ಗಡಿಗೆಯ ನೆನಪಿಗೂ ಅದು ಇರುತ್ತದೆ. ಅಟ್ಲಾಸಿಯನ್ 2024ರ ಫೆಬ್ರವರಿ 15ರಂದು ಸರ್ವರ್ ಆವೃತ್ತಿಗಳಿಗೆ ಬೆಂಬಲ ನಿಲ್ಲಿಸಿದ್ದರಿಂದ ಬಳಕೆದಾರ ಸಂಸ್ಥೆಗಳು ಬೇರೆ ಆವೃತ್ತಿಗಳಿಗೆ ಸ್ಥಳಾಂತರಗೊಳ್ಳಬೇಕಾಯಿತು. ಇಂಥ ಸ್ಥಳಾಂತರದಲ್ಲಿ ಪುಟಗಳ ಗುರುತುಸಂಖ್ಯೆ ಬದಲಾದರೆ ಪುಟವೂ ಇರುತ್ತದೆ, ಟಿಕೆಟ್ಟೂ ಇರುತ್ತದೆ, ಲಿಂಕಿನ ದಾಖಲೆಯೂ ಇರುತ್ತದೆ, ಆದರೆ ಅದು ತೋರಿಸುವುದು ಈಗ ಯಾವುದೂ ಅಲ್ಲದ ಸಂಖ್ಯೆಯನ್ನು. ಇದು ಅಭಾವವಲ್ಲ, ವಿಷಯ ತಪ್ಪಿದ ಜ್ಞಾನ. ಆದ್ದರಿಂದ ಇದಕ್ಕೆ ಹೊಸ ಲಿಂಕನ್ನು ಸೇರಿಸುವುದು ಅರ್ಧ ಪರಿಹಾರ ಮಾತ್ರ, ಹಳೆಯ ದಾಖಲೆಯನ್ನು ಹುಡುಕಿ ತಿದ್ದುವವರೆಗೆ ಟಿಕೆಟ್ ಒಂದು ಸರಿಯಾದ, ಒಂದು ಸುಳ್ಳಾದ ಪುಟವನ್ನು ಒಟ್ಟಿಗೆ ತೋರಿಸುತ್ತಿರುತ್ತದೆ.