ಹಲ್ಲು ಬಿದ್ದ ಕನಸು

ಕನಸಿನಲ್ಲಿ ಹಲ್ಲು ಬಿದ್ದರೆ ಸಾವು, ನೆತ್ತರು ಬಂದರೆ ನಂಟರದೇ ಸಾವು ಎಂಬ ಅರ್ಥದ ನುಡಿಯೊಂದು ಲಿಥುವೇನಿಯಾದ ಜನಪದ ನಂಬಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಅದರ ಮುಖ್ಯ ಶಬ್ದಗಳು ಕನ್ನಡ ಓದುಗರಿಗೆ ತೀರ ಅಪರಿಚಿತವೆನಿಸಲಾರವು: ಆ ಭಾಷೆಯಲ್ಲಿ ಕನಸಿಗೆ ‘ಸಪ್ನಾಸ್’, ಹಲ್ಲಿಗೆ ‘ದಾಂತಿಸ್’, ಸಾವಿಗೆ ‘ಮಿರ್ತಿಸ್’ ಎನ್ನುತ್ತಾರೆ, ಇವು ಕ್ರಮವಾಗಿ ಸಂಸ್ಕೃತದ ಸ್ವಪ್ನ, ದಂತ, ಮೃತಿ ಶಬ್ದಗಳ ಜ್ಞಾತಿಗಳು. ಶಬ್ದಗಳ ಬೇರು ಒಂದೇ ಆದ ಮಾತ್ರಕ್ಕೆ ನಂಬಿಕೆಯ ಬೇರೂ ಒಂದೇ ಎನ್ನುವುದು ದುಡುಕಾದೀತು. ಹಲ್ಲು ಬಿದ್ದ ಕನಸು ಕನ್ನಡ ನಾಡಿನಲ್ಲೂ ಅಪಶಕುನವೇ, ಆದರೆ ಈ ಭಾಷೆಗಳ ನಂಟೇ ಇಲ್ಲದ ಎಷ್ಟೋ ಜನಾಂಗಗಳಲ್ಲೂ ಅದು ಹಾಗೆಯೇ ಇದೆ.

ನುಡಿಯ ಮೊದಲರ್ಧ ಯಾರ ಸಾವೆಂದು ಹೇಳುವುದಿಲ್ಲವಾದ್ದರಿಂದ ಅದು ಸುಳ್ಳಾಗುವುದೂ ಕಷ್ಟ. ಊರೆಂದ ಮೇಲೆ ಇಂದೋ ನಾಳೆಯೋ ಒಂದು ಸಾವು ಇದ್ದೇ ಇರುತ್ತದೆ. ನುಡಿಯ ತೂಕವಿರುವುದು ಎರಡನೆಯ ಅರ್ಧದಲ್ಲಿ. ಒಂದೇ ವಸಡಿನಲ್ಲಿ ಒತ್ತೊತ್ತಾಗಿ ನಿಂತ ಹಲ್ಲುಗಳು ಒಂದೇ ಮನೆಯ ಜನರಂತೆ. ನೋವಿಲ್ಲದೆ ಕಳಚಿದ್ದು ದೂರದವರದು, ನೆತ್ತರೊಸರುತ್ತ ಕಿತ್ತು ಬಂದದ್ದು ಒಡಹುಟ್ಟಿದವರದು ಅಥವಾ ಹೆತ್ತವರದು. ಹೀಗೆ ನೋಡಿದರೆ, ಭವಿಷ್ಯ ನುಡಿಯುವಂತೆ ತೋರುವ ಈ ಮಾತು ಅಳೆಯುತ್ತಿರುವುದು ನಂಟಿನ ದೂರವನ್ನು. ಯಾರು ಹೋದರೆ ಎಷ್ಟು ನೋಯುತ್ತದೆ ಎಂಬ ಲೆಕ್ಕ ಅದರೊಳಗಿದೆ.

ಈ ಲೆಕ್ಕ ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದದ್ದು ಆಕಸ್ಮಿಕವಲ್ಲ. ಲಿಥುವೇನಿಯಾದ ಅತಿ ಪ್ರಸಿದ್ಧ ಕನಸು ಗಂಡಸಿನದೇ: ಬೇಟೆಯಾಡಿ ದಣಿದು ಮಲಗಿದ ಮಹಾಪ್ರಭು ಗೆದಿಮಿನಾಸ್‌ಗೆ ಗುಡ್ಡದ ಮೇಲೆ ಊಳಿಡುವ ಕಬ್ಬಿಣದ ತೋಳ ಕಂಡಿತೆಂದೂ, ಲಿಜ್ದೈಕಾ ಎಂಬ ಅರ್ಚಕ ಅದನ್ನು ಬಿಡಿಸಿ ಹೇಳಿದ ಮೇಲೆ ವಿಲ್ನಿಯಸ್ ನಗರ ಎದ್ದಿತೆಂದೂ ಐತಿಹ್ಯವಿದೆ, ನಗರದ ಹೆಸರು ಲಿಖಿತವಾಗಿ ಮೊದಲು ಕಾಣಿಸುವುದು ಗೆದಿಮಿನಾಸ್‌ನ 1323ರ ಪತ್ರದಲ್ಲಿ. ರಾಜ್ಯದ ಕನಸಿಗೆ ಅರ್ಚಕನಿದ್ದ. ಮನೆಯ ಕನಸಿಗೆ ತಾಯಿ, ಅತ್ತೆ, ನೆರೆಯವಳು. ಸತ್ತವರಿಗಾಗಿ ಹಾಡುವ ‘ರೌದಾ’, ಅಂದರೆ ಶೋಕಗೀತೆ, ಹೆಂಗಸರದೇ ಪ್ರಕಾರವಾಗಿತ್ತು, ಈ ಶಬ್ದವೂ ‘ರೋದನ’ದ ನಂಟಿನದೇ. ಸಾವು ಬಂದಾಗ ದನಿಯೆತ್ತಿ ಅಳಬೇಕಾದವಳು ಅದರ ಸುಳಿವನ್ನು ಮೊದಲೇ ಹುಡುಕಿದರೆ ಅದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ.

ಕನ್ಯೆಯರ ಕನಸುಗಳ ದಾರಿ ಬೇರೆ. ಹಲ್ಲಿನ ಕನಸು ಕರೆಯದೆ ಬರುತ್ತದೆ, ಇವು ಕರೆಸಿಕೊಂಡು ಬರುವಂಥವು. ನವೆಂಬರ್ 30ರ ಸಂತ ಆಂಡ್ರ್ಯೂ ಹಬ್ಬದ ಹಿಂದಿನ ರಾತ್ರಿಯಾಗಲಿ, ‘ಕೂಚಿಯೋಸ್’ ಎಂದು ಕರೆಯುವ, ಮಾಂಸವಿಲ್ಲದ ಹನ್ನೆರಡು ಬಗೆಯ ಅಡುಗೆಯ ಡಿಸೆಂಬರ್ 24ರ ರಾತ್ರಿಯಾಗಲಿ, ಹುಡುಗಿ ಉಪ್ಪುಪ್ಪಾದದ್ದನ್ನು ತಿಂದು, ಗುಟುಕು ನೀರನ್ನೂ ಕುಡಿಯದೆ ಮಲಗುತ್ತಿದ್ದಳು, ಕನಸಿನಲ್ಲಿ ನೀರು ತಂದುಕೊಟ್ಟವನೇ ಗಂಡ. ಇನ್ನೊಂದು ವಿಧಾನದಲ್ಲಿ ಮಂಚದ ಕೆಳಗೆ ನೀರಿನ ಬೋಗುಣಿಯಿಟ್ಟು, ಅದರ ಅಂಚಿನಿಂದ ಅಂಚಿಗೆ ಕಡ್ಡಿಯ ಸೇತುವೆ ಹಾಸಿ ಮಲಗಿದರೆ, ಕೈಹಿಡಿದು ಆ ಸೇತುವೆ ದಾಟಿಸುವವನು ಕಾಣುತ್ತಾನೆಂಬ ನಂಬಿಕೆ. ಒಣಗಿದ ನಾಲಗೆಯ ಹುಡುಗಿಗೆ ನೀರಿನ ಕನಸು ಬೀಳದೆ ಇನ್ನೇನು ಬಿದ್ದೀತು ಎಂದು ನಗಬಹುದು. ಆದರೆ ತವರಿನಿಂದ ಗಂಡನ ಮನೆಗೆ ಹೋಗುವುದು ಎಂಥ ದಾಟುವಿಕೆ ಎಂಬುದು ಆ ಕಡ್ಡಿಯಲ್ಲಿದೆ. ಅದೇ ಕೂಚಿಯೋಸ್ ಊಟದ ಮೇಜಿನಲ್ಲಿ ತೀರಿಕೊಂಡವರಿಗೂ ಜಾಗ ಬಿಡುವ ರೂಢಿಯಿದ್ದು, ಮದುವೆಯ ಕನಸನ್ನು ಬಯಸುವ ರಾತ್ರಿಯೇ ಸತ್ತವರು ಮನೆಗೆ ಬರುವ ರಾತ್ರಿಯೂ ಆಗಿರುತ್ತದೆ.

ಹಲ್ಲಿನ ಕನಸು ನಿಜವಾಯಿತೆಂದುಕೊಂಡ ಮನೆಯಲ್ಲಿ ಕನಸುಗಳು ನಿಲ್ಲುವುದಿಲ್ಲ, ತಿರುಗುತ್ತವೆ, ಅಷ್ಟೆ. ‘ವೇಲೇ’, ಅಂದರೆ ಸತ್ತವರ ಆತ್ಮ, ಕನಸಿನಲ್ಲಿ ಬಂದು ಬೇಡುತ್ತದೆ: ತಾಯಿ ಅತಿಯಾಗಿ ಅತ್ತರೆ ಮಗು ಬಂದು ನಿನ್ನ ಕಣ್ಣೀರಿನಿಂದ ನನ್ನ ಬಟ್ಟೆ ತೊಯ್ದಿದೆ ಎನ್ನುತ್ತದೆ, ಶವಪೆಟ್ಟಿಗೆಯಲ್ಲಿ ಇಡಲು ಮರೆತದ್ದನ್ನು ಇನ್ನೊಬ್ಬರು ಕೇಳುತ್ತಾರೆ. ಮೊದಲನೆಯದಕ್ಕೆ ಅಳು ತಡೆದುಕೊಳ್ಳಬೇಕು, ಇಲ್ಲವೆ ಚರ್ಚಿನಲ್ಲಿ ಪೂಜೆ ಹೇಳಿಸಿ ಭಿಕ್ಷುಕರಿಗೆ ರೊಟ್ಟಿ ಕೊಡಬೇಕು. ಎರಡನೆಯದಕ್ಕೆ ಊರಿನಲ್ಲಿ ಮುಂದಿನ ಸಾವಿನವರೆಗೆ ಕಾಯಬೇಕು: ಬರಿಗಾಲಲ್ಲಿ ಹೋದವನ ಪಾದರಕ್ಷೆಗಳನ್ನು ಹಿಡಿದು ಆ ಮನೆಗೆ ಹೋಗಿ, ಇವನ್ನೂ ಜೊತೆಗಿಟ್ಟು ಕಳಿಸಿ, ಅಲ್ಲಿ ಅವನಿಗೆ ಮುಟ್ಟುತ್ತದೆ ಎಂದು ಕೇಳಿಕೊಳ್ಳಬೇಕು.